ವಸ್ತಾದರ ಸಂತೋಷ
(ಸ್ನಾನಿಕ ಸಂತ ಯೊವಾನ್ನರ ಜನನೋತ್ಸವದ ಪ್ರಬೋಧನೆ – ಜೂನ್ 24)



ಧರ್ಮಸಭೆಯು ಸಾಮಾನ್ಯವಾಗಿ ಸಂತರು ಮರಣ ಹೊಂದಿದ ದಿನವನ್ನೇ ಹಬ್ಬವಾಗಿ ಆಚರಿಸುತ್ತದೆ. ಜನನದ ಹಬ್ಬ ಇರುವುದು ಮೂವರಿಗೆ ಮಾತ್ರ: ಯೇಸುಸ್ವಾಮಿಗೆ, ಮಾತೆ ಮರಿಯಮ್ಮನವರಿಗೆ ಮತ್ತು ಸ್ನಾನಿಕ ಯೊವಾನ್ನರಿಗೆ. ಇಂದಿನಿಂದ ಕ್ರಿಸ್ತಜಯಂತಿಗೆ ಆರು ತಿಂಗಳು. ಈ ಹಬ್ಬ ಕಳೆದಂತೆ ಹಗಲು ಕಿರಿದಾಗುತ್ತದೆ, ಕ್ರಿಸ್ತಜಯಂತಿ ಕಳೆದಂತೆ ಹಿರಿದಾಗುತ್ತದೆ. ಹಿರಿಯರು ಇದರಲ್ಲಿ ಒಂದು ಪಾಠ ಕಂಡರು. ತನ್ನ ನಂತರ ಬರುವಾತನು ದೊಡ್ಡವನಾಗಲಿ, ತನಗೆ ಹಿಂದಿನ ಸಾಲು ಸಾಕು ಎಂದು ಬದುಕಿದವರು ಯೊವಾನ್ನರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮಗೆ ಇದು ಸುಲಭವಾಗಿ ತಿಳಿಯಬೇಕು. ಗರಡಿಮನೆಯ ವಸ್ತಾದರನ್ನು ನಾವು ಬಲ್ಲೆವು. ಹಗಲೆಲ್ಲ ಕಬ್ಬಿನ ಹೊಲದಲ್ಲೋ ಮಗ್ಗದ ಮುಂದೋ ದುಡಿಯುವವರು, ನಸುಕಿನಲ್ಲಿ ಎದ್ದು ಕಣದ ಕೆಂಪು ಮಣ್ಣು ಹದ ಮಾಡುತ್ತಾರೆ. ಹುಡುಗರಿಂದ ದಂಡ, ಬೈಠಕ್ ಹೊಡೆಸುತ್ತಾರೆ, ಪಟ್ಟು ಕಲಿಸುತ್ತಾರೆ. ಸಂಬಳದ ಮಾತಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಗೆದ್ದಾಗ ಬೆಳ್ಳಿ ಕಡಗ ಶಿಷ್ಯನ ಕೈಗೆ. ಅವನು ತಮ್ಮನ್ನು ಮೀರಿದ ದಿನ ಒಳ್ಳೆಯ ವಸ್ತಾದರು, "ಇಲ್ಲಿ ಕಲಿಯೂದು ಮುಗೀತಪಾ, ಕೊಲ್ಲಾಪುರದ ತಾಲೀಮಿಗೆ ಹೋಗು" ಎಂದು ತಾವೇ ಕಳಿಸುತ್ತಾರೆ.

ನೆರೆಯ ಮಹಾರಾಷ್ಟ್ರದ ಕರಾಡ ಬಳಿಯ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಗೆ ಕಂಚಿನ ಪದಕ ಪಡೆದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಪದಕ ಅದು. ಮೊದಲು ಕಲಿಸಿದವರು ಪೈಲ್ವಾನರಾಗಿದ್ದ ತಂದೆ. ಪ್ರಯಾಣಕ್ಕೆ ಹಣ ಸಾಲದಾದಾಗ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಪದಕದ ಮೇಲೆ ಈ ಇಬ್ಬರ ಹೆಸರಿಲ್ಲ. ಆದರೂ ಅದರಲ್ಲಿ ಇಬ್ಬರ ಪಾಲೂ ಇದೆ.

ಯೊವಾನ್ನರ ಶಿಷ್ಯರಲ್ಲಿ ಅಂದ್ರೆಯ ಒಬ್ಬರು. ಯೇಸು ಹಾದುಹೋಗುವಾಗ ಯೊವಾನ್ನರೇ ಅವರನ್ನು ತೋರಿಸಿದರು. ಅಂದ್ರೆಯ ಗುರುವನ್ನು ಬಿಟ್ಟು ಯೇಸುವಿನ ಹಿಂದೆ ನಡೆದರು. ಯೊವಾನ್ನರು ತಡೆಯಲಿಲ್ಲ, ಮುನಿಯಲಿಲ್ಲ. ಅಂದ್ರೆಯ ತಮ್ಮ ಸಹೋದರ ಸಿಮೋನನನ್ನೂ ಕರೆತಂದರು. ಶಿಷ್ಯನನ್ನು ಬಿಟ್ಟುಕೊಟ್ಟ ಗುರುವಿನ ದೊಡ್ಡ ಮನಸ್ಸಿನಿಂದ ಧರ್ಮಸಭೆಗೆ ಪೇತ್ರರು ದೊರೆತರು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಜ್ಞಾನೋಪದೇಶ ಕಲಿಸಲು, ಗಾಯನವೃಂದ ನಡೆಸಲು, ಮಕ್ಕಳನ್ನು ಆಟಕ್ಕೆ ಕರೆದೊಯ್ಯಲು ಎಷ್ಟು ಮಂದಿ ಮುಂದೆ ಬರುತ್ತೇವೆ? "ನಮಗೇನು ಸಿಗುತ್ತೆ?" ಎಂದು ಕೇಳುವವರೇ ಹೆಚ್ಚು. ಇನ್ನು ಕೆಲವರು ಸೇವೆಯನ್ನೇನೋ ಮಾಡುತ್ತೇವೆ, ಆದರೆ ಕುರ್ಚಿ ಬಿಡುವುದಿಲ್ಲ. ನಾವು ಕಲಿಸಿದ ಹುಡುಗಿ ನಮಗಿಂತ ಚೆನ್ನಾಗಿ ಹಾಡಿದರೆ ನಮ್ಮ ಮುಖ ಬಾಡುತ್ತದೆ. ಗರಡಿಗೆ ಬೀಗ ಬಿದ್ದರೆ ಮುಂದಿನ ಪೈಲ್ವಾನ ಹುಟ್ಟುವುದಿಲ್ಲ. ವಿಶ್ವಾಸದ ಗರಡಿಯೂ ಹಾಗೆಯೇ.

ಆದ್ದರಿಂದ ಈ ಹಬ್ಬದಂದು ಎರಡು ನಿರ್ಧಾರ ಮಾಡೋಣ. ವಾರಕ್ಕೆ ಒಂದು ಗಂಟೆಯನ್ನು ಬೇರೆಯವರ ಮಕ್ಕಳಿಗಾಗಿ ಕೊಡೋಣ. ನಾವು ಬೆಳೆಸಿದವರು ನಮ್ಮನ್ನು ಮೀರಿದಾಗ ಮನಸಾರೆ ಹರಸೋಣ. ತಂದೆತಾಯಂದಿರೇ, ನಿಮ್ಮ ಮಗುವಿಗೆ ಸಂಬಳವಿಲ್ಲದೆ ಕಲಿಸುತ್ತಿರುವವರ ಮನೆಗೆ ಈ ವಾರ ಹೋಗಿ, ಕೃತಜ್ಞತೆಯ ಒಂದು ಮಾತು ಹೇಳಿ ಬನ್ನಿ.

ಸ್ನಾನಿಕ ಸಂತ ಯೊವಾನ್ನರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.