ದಲ್ಲಾಳಿಗೆ ಕೊಡುವ ಇನಾಮು
(ಕದ್ರಿಯಲ್ಲಿ ನಡೆದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾವು ಸೇರಿರುವ ಈ ಕದ್ರಿಯ ಸುತ್ತಮುತ್ತ ಹಂಚಿನ ಮನೆಗಳಿದ್ದ ಜಾಗಗಳಲ್ಲಿ ವಸತಿ ಸಮುಚ್ಚಯಗಳು ಎದ್ದು ನಿಂತಿವೆ. ಇಲ್ಲಿ ಭೂಮಿಯ ಬೆಲೆಯನ್ನು ಸೆಂಟ್ಸ್ ಲೆಕ್ಕದಲ್ಲಿ ಮಾತಾಡಲಾಗುತ್ತದೆ. ಮನೆ ಮಾರುವವರಲ್ಲಿ ಕೆಲವರು ಗಲ್ಫ್‌ನಲ್ಲಿದ್ದಾರೆ. ಮತ್ತೆ ಕೆಲವರು ತಂದೆಯ ನಿಧನಾನಂತರ ಪಾಲು ಹಂಚಿಕೊಳ್ಳಲೆಂದು ಮಾರುವವರು. ಇಬ್ಬರಿಗೂ ದಲ್ಲಾಳಿಯೇ ಆಸರೆ. 'ಬೇಗ ಮಾರಿಸಿಕೊಡಿ, ನಿಮ್ಮನ್ನು ನೋಡಿಕೊಳ್ಳುತ್ತೇವೆ' ಎಂದು ನಾವು ಅವರಿಗೆ ಹೇಳುತ್ತೇವೆ. ಈ ನೋಡಿಕೊಳ್ಳುವಿಕೆಯ ಅರ್ಥವೇನು? ಎಷ್ಟು ಹಣ, ಯಾರ ಪಾಲಿನಿಂದ, ಯಾರ ಅರಿವಿನಲ್ಲಿ?

ದಲ್ಲಾಳಿಯ ದುಡಿಮೆ ಕೀಳಲ್ಲ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದಲ್ಲಿ ದಲ್ಲಾಳಿಯ ಕೂಲಿಯ ಬಗ್ಗೆಯೇ ಒಂದು ಅಧ್ಯಾಯವನ್ನಿಟ್ಟಿದ್ದಾರೆ. ಇಂತಿಷ್ಟು ಬೆಲೆಗಿಂತ ಹೆಚ್ಚು ಬಂದುದು ನಿನಗೆ ಎಂದು ದಲ್ಲಾಳಿಗೆ ಹೇಳುವುದರಲ್ಲಿ ಇಬ್ನು ಅಬ್ಬಾಸ್‌ರವರು(ರ) ತಪ್ಪು ಕಾಣಲಿಲ್ಲವೆಂದು ಅಲ್ಲಿದೆ. ಕೂಲಿಯ ಮೊತ್ತ ಅನಿಶ್ಚಿತವಾಗುವುದೆಂಬ ಕಾರಣಕ್ಕೆ ಬಹುಪಾಲು ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಆದರೆ ವಸ್ತುವಿನ ದೋಷವನ್ನು ಮರೆಮಾಚುವುದು ಮತ್ತು ಸುಳ್ಳು ಗಿರಾಕಿಯನ್ನು ನಿಲ್ಲಿಸಿ ಬೆಲೆಯೇರಿಸುವುದು ನಿಷಿದ್ಧವೆಂಬುದರಲ್ಲಿ ಭಿನ್ನಮತವಿಲ್ಲ.

ಹಾಗಾದರೆ ಇನಾಮಿನ ಅಗತ್ಯವಾದರೂ ಏನು? ಒಂದು ಲೆಕ್ಕ ನೋಡೋಣ. ಮನೆ 80 ಲಕ್ಷ ರೂಪಾಯಿಗೆ ಹೋಯಿತೆನ್ನಿ. ಶೇಕಡಾ 2ರಂತೆ ದಲ್ಲಾಳಿಗೆ 1,60,000 ರೂ. ಸಿಗುತ್ತದೆ. ಒಂದು ತಿಂಗಳು ಕಾದರೆ 83 ಲಕ್ಷ ಬರಬಹುದು. ಆಗ ಮನೆಯವರಿಗೆ ಹೆಚ್ಚುವರಿ 3 ಲಕ್ಷ, ದಲ್ಲಾಳಿಗೆ ಕೇವಲ 6,000. ಆತ ಯಾಕೆ ಕಾಯುತ್ತಾನೆ? ಅಮೇರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಶಿಕಾಗೋ ಪರಿಸರದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ದಲ್ಲಾಳಿಗಳು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಸುಮಾರು 9.5 ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಅಂದರೆ ಇತರರ ಮನೆಗಳ ವಿಷಯದಲ್ಲಿ ಅವರಿಗೆ ಅವಸರವಿತ್ತು.

ಆದ್ದರಿಂದ ಪ್ರೋತ್ಸಾಹಧನವನ್ನು ವಿವೇಕದಿಂದ ನಿಗದಿಪಡಿಸುವುದು ತಪ್ಪಲ್ಲ. 80 ಲಕ್ಷದವರೆಗೆ ಶೇಕಡಾ 2, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇಕಡಾ 10 ಎಂದು ಬರೆದುಕೊಳ್ಳಬಹುದು. ಆಗ ಆ 3 ಲಕ್ಷದಲ್ಲಿ ಆತನಿಗೆ 30,000 ಸಿಗುತ್ತದೆ. ಕಾಯಲು ಅವನಿಗೂ ಕಾರಣವಿರುತ್ತದೆ.

ಕೇಡಿರುವುದು ಗುಟ್ಟಿನಲ್ಲಿ. ಖರೀದಿಸುವವರ ಪರವಾಗಿ ಬಂದ ದಲ್ಲಾಳಿಗೆ ನಾವು ಗುಟ್ಟಾಗಿ ಹಣ ಕೊಟ್ಟರೆ ಅದು ಇನಾಮಲ್ಲ, ಲಂಚ. ಅದಕ್ಕಿಂತಲೂ ನೋವಿನ ಸಂಗತಿ ವಾರೀಸು ಮನೆಗಳದ್ದು. ವ್ಯವಹಾರವೆಲ್ಲ ಹಿರಿಯಣ್ಣನ ಕೈಯಲ್ಲಿರುತ್ತದೆ. ಸಹೋದರಿಯರಿಗೆ ಒಂದು ಬೆಲೆ ಹೇಳಿ, ನಿಜಬೆಲೆಯ ವ್ಯತ್ಯಾಸವನ್ನು ಅಣ್ಣನೂ ದಲ್ಲಾಳಿಯೂ ಹಂಚಿಕೊಂಡರೆ ಆ ಹೆಣ್ಣುಮಕ್ಕಳಿಗೆ ತಿಳಿಯುವುದಾದರೂ ಹೇಗೆ? ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಬಾಯಲ್ಲಿ ಒಪ್ಪಿ ಲೆಕ್ಕದಲ್ಲಿ ಕಸಿದುಕೊಂಡಂತಲ್ಲವೇ ಇದು?

ಕಾನೂನು ಎಲ್ಲವನ್ನೂ ಕಾಯುತ್ತದೆಂದು ನಂಬಿ ಕೂರುವಂತಿಲ್ಲ. 2016ರ ರೇರಾ ಕಾಯಿದೆಯಡಿ ದಲ್ಲಾಳಿಗಳ ನೋಂದಣಿ ಕಡ್ಡಾಯವಾಗಿರುವುದು ನೋಂದಾಯಿತ ಯೋಜನೆಗಳ ಸೈಟು, ಫ್ಲ್ಯಾಟುಗಳ ಮಾರಾಟಕ್ಕೆ. ನಮ್ಮ ಹಳೆಯ ಮನೆಗಳ ಮರುಮಾರಾಟಕ್ಕಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಮಾಲೀಕನಿಗೆ ತಿಳಿಸದೆ ಪ್ರತಿನಿಧಿಯು ತನ್ನದೇ ವ್ಯವಹಾರ ನಡೆಸಿ ಮಾಡಿದ ಲಾಭವನ್ನು ಮಾಲೀಕ ಕೇಳಿ ಪಡೆಯಬಹುದು. ಆದರೆ ಅದನ್ನು ಸಾಬೀತುಪಡಿಸಲು ಕಾಗದ ಬೇಕು.

ಆದುದರಿಂದ ಮನೆ ತೋರಿಸುವ ಮುನ್ನವೇ ದಲ್ಲಾಳಿಯೊಂದಿಗೆ ಒಂದು ಪುಟದ ಕರಾರು ಮಾಡಿಕೊಳ್ಳಿ. ದರ, ಅವಧಿ, ಆತ ಯಾರ ಪರ, ಇನ್ನೊಬ್ಬರಿಂದಲೂ ಹಣ ಪಡೆಯುತ್ತಾನೆಯೇ ಎಂಬುದೆಲ್ಲ ಅದರಲ್ಲಿರಲಿ. ಸಹೋದರಿಯರೂ ಸೇರಿದಂತೆ ಎಲ್ಲ ವಾರೀಸುದಾರರು ಅದಕ್ಕೆ ಸಹಿ ಹಾಕಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ರಶೀದಿ ಪಡೆಯಿರಿ. ಬಂಡವಾಳ ಲಾಭದ ತೆರಿಗೆಯನ್ನು ಲೆಕ್ಕ ಹಾಕುವಾಗ ಆ ದಲ್ಲಾಳಿ ಶುಲ್ಕವನ್ನು ಖರ್ಚಾಗಿ ಕಳೆಯಲೂ ಬರುತ್ತದೆ. ನೋಂದಣಿಯ ದಿನ ಮಾರಾಟಪತ್ರದಲ್ಲಿರುವ ಬೆಲೆಯನ್ನು ಮನೆಯ ಹೆಂಗಸರಿಗೂ ಓದಿ ಹೇಳಿ.

ತಂದೆ ಅರಬ್ ನಾಡಿನ ಬಿಸಿಲಲ್ಲಿ ದುಡಿದು ಕಟ್ಟಿಸಿದ ಮನೆ ಅದು. ಅದರ ಕೊನೆಯ ಲೆಕ್ಕ ಮಕ್ಕಳೆಲ್ಲರ ಮುಂದೆಯೇ ಆಗಲಿ.