ಕೂಲಿ ಬಾಕಿಗೆ ಎಂಥ ರಾಜಿ?

(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತು)



ರಜೆಗೆ ಊರಿಗೆ ಹೋದಾಗ ನೀವು ನೋಡಿರ್ತೀರಿ. ಅವ್ವ ಮೂರು ತಿಂಗಳು ಇಟ್ಟಿಗೆ ಹೊತ್ತಿದ್ದಾಳೆ, ಕೂಲಿ ಬಂದಿಲ್ಲ. ಕೇಳಿದರೆ ಮೇಸ್ತ್ರಿ ಮಾಲೀಕನ ಕಡೆ ಕೈ ತೋರಿಸ್ತಾನೆ, ಮಾಲೀಕ ಮೇಸ್ತ್ರಿ ಕಡೆ. ಕೊನೆಗೆ ನಾಲ್ಕು ಜನ ಕಟ್ಟೆ ಮೇಲೆ ಕೂತು 'ಅರ್ಧ ತಗೊಂಡು ಸುಮ್ನಿರು' ಅಂತಾರೆ. ಆ ನಾಲ್ವರಲ್ಲಿ ಮೂವರು ಮಾಲೀಕನ ನೆಂಟರು. ಅವರು ಕಟ್ಟೆ ಮೇಲೆ, ಅವ್ವ ನೆಲದ ಮೇಲೆ. ಇದಕ್ಕೆ ರಾಜಿ ಅಂತ ಹೆಸರು.

ರಾಜಿಯೇ ಬೇಡ ಅಂತ ನಾನು ಹೇಳೋದಿಲ್ಲ. ಒಂದು ದಿನ ಕೋರ್ಟಿಗೆ ಅಲೆದರೆ ಒಂದು ದಿನದ ಕೂಲಿ ಹೋಯ್ತು. ಬಾಕಿಯನ್ನು ಎಷ್ಟು ಕಂತಿನಲ್ಲಿ, ಯಾವ ದಿನ, ಯಾರ ಎದುರು ಕೊಡಬೇಕು ಅನ್ನೋದನ್ನ ಕೂತು ಮಾತಾಡಬಹುದು. ದುಡಿದ ದಿನಗಳ ಲೆಕ್ಕದಲ್ಲಿ ನಿಜವಾದ ತಕರಾರಿದ್ದರೆ ಅದನ್ನೂ ಮಾತಾಡಬಹುದು. ದುಡಿದ ಕೂಲಿಯನ್ನೇ ಬಿಟ್ಟುಕೊಡೋ ಮಾತು ಮಾತ್ರ ಬೇಡ. ಕಾನೂನೂ ಇದನ್ನೇ ಹೇಳ್ತದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 60ನೇ ಕಲಮಿನ ಪ್ರಕಾರ, ಬರಬೇಕಾದ ಕೂಲಿಯ ಹಕ್ಕು ಬಿಟ್ಟುಕೊಡುವ ಕರಾರು ಅಷ್ಟರ ಮಟ್ಟಿಗೆ ರದ್ದು. ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೂ ಅಷ್ಟೆ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮಾಲೀಕನ ಮೇಲೇ ಹೊಣೆ ಬರ್ತದೆ.

1982ರಲ್ಲಿ ದೆಹಲಿಯ ಏಷ್ಯಾಡ್ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬಿಟ್ಟಿ ಚಾಕರಿ ಹಳೇ ಕಾಲದ್ದು ಅಂತ ಮೇಷ್ಟ್ರುಗಳು ಪಾಠ ಮಾಡ್ತಾರೆ. ಅವರ ಮನೆ ಕಟ್ಟಿದೋರನ್ನ ಒಂದು ಮಾತು ಕೇಳಬೇಕು.

ಕೂಲಿ ಕೊಟ್ಟಿದ್ದೇನೆ ಅಂತ ರುಜುವಾತು ಮಾಡೋ ಭಾರ ಮಾಲೀಕನದು. 59ನೇ ಕಲಮು ನೋಡಿ. ಆದರೂ ಅವನ ಪುಸ್ತಕದಲ್ಲಿ ಅವನಿಗೆ ಬೇಕಾದ್ದೇ ಇರ್ತದೆ. ಆದ್ದರಿಂದ ನಮ್ಮ ಲೆಕ್ಕ ನಮ್ಮ ಹತ್ರ ಇರಬೇಕು. ಅಕ್ಷರ ಕಲಿತ ನೀವು ಬರೆದಿಡಿ: ತಾರೀಖು, ಜಾಗ, ಕೆಲಸಕ್ಕೆ ಕರೆದವನ ಹೆಸರು, ಮಾತಾಡಿದ ಕೂಲಿ, ಕೈಗೆ ಬಂದದ್ದು, ಮುಂಗಡ. ಜೊತೆಗೆ ದುಡಿದವರ ಹೆಸರೂ ಇರಲಿ. ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಬಹುದು, ಒಬ್ಬಳನ್ನೇ ಹೆದರಿಸಿದಷ್ಟು ಸುಲಭಕ್ಕೆ ಹತ್ತು ಜನರನ್ನ ಹೆದರಿಸೋಕಾಗಲ್ಲ.

ಮಾತುಕತೆ ಕಟ್ಟೆ ಮೇಲೆ ಬೇಡ, ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಆಗಲಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರು ಪುಕ್ಕಟೆ ಸಿಗ್ತಾರೆ. ಲೋಕ ಅದಾಲತ್ತಿಗೂ ಹೋಗಬಹುದು. ಅಲ್ಲಾದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮಾಲೀಕ ತಪ್ಪಿಸಿಕೊಂಡರೆ ವಸೂಲಿ ಮಾಡಿಸಬಹುದು. ಆದರೆ ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಅವ್ವ ಸಹಿ ಹಾಕೋ ಮುಂಚೆ ಪಕ್ಕದಲ್ಲಿ ಕೂತು ಕಾಗದವನ್ನು ಪೂರ್ತಿ ಓದಿ ಹೇಳಿ.

ಸಂಹಿತೆಯಡಿ ಅರ್ಜಿಗೆ ಮೂರು ವರ್ಷದ ಗಡುವಿದೆ. ಹೋದ ಬೇಸಿಗೆಯ ಬಾಕಿಯಿಂದಲೇ ಬರೆಯೋಕೆ ಶುರು ಮಾಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.