ಸರ್ಕಾರದ ವಿದ್ಯಾಪ್ರಗತಿಯೂ ಉಪಾಧ್ಯಾಯರ ಸಂಘವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಭ್ಯಾಸದಲ್ಲಿಯೂ ಸಾಮಾಜಿಕ ವಿಷಯಗಳಲ್ಲಿಯೂ ಸರ್ಕಾರದವರು ಸಾಧಿಸಿರುವ ಪ್ರಗತಿಯನ್ನು ಉಪಾಧ್ಯಾಯರ ಸಂಘವು ಯಾವ ದೃಷ್ಟಿಯಿಂದ ನೋಡುತ್ತಿದೆ, ಯಾವ ದೃಷ್ಟಿಯಿಂದ ನೋಡಬೇಕು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡುವಂತೆ ನನಗೆ ಅಪ್ಪಣೆಯಾಗಿದೆ. ನಾನು ಪಾಠಶಾಲೆಯಲ್ಲಿ ಓದಿ ಪಾಠಶಾಲೆಯಲ್ಲಿಯೇ ಪಾಠ ಹೇಳುತ್ತಿರುವವನು. ಇಲಾಖೆಯ ಸಂಬಳವನ್ನುಂಡವನಲ್ಲ, ಸಂಘದ ಚಂದಾದಾರನೂ ಅಲ್ಲ. ಎರಡು ಕಡೆಯ ಹಂಗೂ ಇಲ್ಲದೆ ಮಾತನಾಡಬಲ್ಲೆನೆಂಬುದೊಂದೇ ನನಗಿರುವ ಅರ್ಹತೆ.

ಹಿಂದೆ ನಮ್ಮ ಸೀಮೆಯ ಹಳ್ಳಿಗಳಲ್ಲಿದ್ದುದು ಕೂಲಿಮಠ. ಅಯ್ಯನವರು ಜಗುಲಿಯ ಮೇಲೆ ಮರಳು ಹರವಿ ಅಕ್ಷರ ತಿದ್ದಿಸುತ್ತಿದ್ದರು. ಸುಗ್ಗಿಯಲ್ಲಿ ರಾಗಿಯನ್ನೋ ಹುರುಳಿಯನ್ನೋ ಕೊಡಬಲ್ಲವರ ಮಕ್ಕಳು ಕಲಿಯುತ್ತಿದ್ದರು. ಕೊಡಲಾರದವರ ಮಕ್ಕಳು ದನದ ಹಿಂದೆ ಹೋಗುತ್ತಿದ್ದರು. ಹೆಣ್ಣು ಮಕ್ಕಳ ಮಾತನ್ನಂತೂ ಆಡುವಂತೆಯೇ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನಾಯಿತು. 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ತಲೆಯೆತ್ತಿತು. 1950ರ ರಾಜ್ಯಾಂಗವು 14 ವರ್ಷದವರೆಗಿನ ಮಕ್ಕಳೆಲ್ಲರಿಗೂ ಹತ್ತು ವರ್ಷಗಳೊಳಗಾಗಿ ವಿದ್ಯೆಯನ್ನು ಒದಗಿಸಲು ಯತ್ನಿಸಬೇಕೆಂದಿತು. ಆ ಹತ್ತು ವರ್ಷಗಳು ಐವತ್ತನ್ನು ಮೀರಿದುವು. 2002ರ ತಿದ್ದುಪಡಿಯಿಂದ ವಿದ್ಯೆಯು ಮಕ್ಕಳ ಹಕ್ಕಾಯಿತು, 2009ರಲ್ಲಿ ಶಾಸನವಾಯಿತು, 2010ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಿತು. ತಡವಾಯಿತೆಂಬುದು ನಿಜ. ಆದರೆ ಕೂಲಿಮಠದ ಜಗುಲಿಯನ್ನು ಹತ್ತಲಾರದಿದ್ದವರ ಮೊಮ್ಮಕ್ಕಳು ಇಂದು ಶಾಲೆಯಲ್ಲಿ ಕುಳಿತಿದ್ದಾರೆ. ಇದನ್ನು ಪ್ರಗತಿಯಲ್ಲವೆನ್ನುವವನು ಕಣ್ಣು ಮುಚ್ಚಿಕೊಂಡವನೇ ಸರಿ.

ಅನ್ನದ ವಿಷಯವೂ ಹಾಗೆಯೇ. ಹಸಿದ ಹುಡುಗನಿಗೆ ಮೊದಲು ಅನ್ನ, ಆಮೇಲೆ ಅಕ್ಷರ ಎಂಬುದನ್ನು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ದಶಕಗಳ ಕಾಲ ನಡೆಸಿ ತೋರಿದರು. ಸರ್ಕಾರದವರು 2002ರಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ ಮರುವರ್ಷ ಮಿಕ್ಕ ಜಿಲ್ಲೆಗಳಿಗೂ ಹಬ್ಬಿಸಿದಾಗ ಅದಕ್ಕೆ ಅಕ್ಷರ ದಾಸೋಹವೆಂದೇ ಹೆಸರಿಟ್ಟರು. ಸ್ವಾಮಿಗಳವರು ಲಿಂಗೈಕ್ಯರಾದ ಜನವರಿ 21ನ್ನು ದಾಸೋಹ ದಿನವೆಂದು 2021ರಲ್ಲಿ ಘೋಷಿಸಿದರು. 2013ರಲ್ಲಿ ಹಾಲು ಬಂದಿತು. ಅನಂತರ ಮೊಟ್ಟೆ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಯ ಹಣ್ಣು. ಮಠದವನು ಮೊಟ್ಟೆಯ ಹೆಸರೆತ್ತಿದನೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ನಾನು ಹೇಳಹೊರಟಿರುವುದು ಲೆಕ್ಕದ ಮಾತು. ಒಂದಕ್ಕೆ 6 ರೂಪಾಯಿಯೆಂದು ಗೊತ್ತುಮಾಡಿ, ಬೇಯಿಸುವ, ಸುಲಿಯುವ, ಸಾಗಿಸುವ ವೆಚ್ಚವೂ ಅದರಲ್ಲಿಯೇ ಅಡಗಬೇಕೆಂದು ಕಟ್ಟು ಮಾಡಿದರು. ಅಂಗಡಿಯಲ್ಲಿ ಧಾರಣೆ ಏರಿದಾಗ ಕೊರತೆಯನ್ನು ತುಂಬಬೇಕಾದವರು ಯಾರು? ಮುಖ್ಯೋಪಾಧ್ಯಾಯರು. ದಾಸೋಹದ ಪುಣ್ಯ ಸರ್ಕಾರಕ್ಕೆ, ಬಾಕಿಯ ಚೀಟಿ ಮೇಷ್ಟರ ಜೇಬಿಗೆ!

ಅದು ಹಾಗಿರಲಿ. ಹಣವನ್ನಾದರೂ ಮತ್ತೆ ಗಳಿಸಬಹುದು. ಮಕ್ಕಳ ಪಾಠದ ದಿನವನ್ನು ತಂದುಕೊಡುವವರಾರು?

ಪಾಠಶಾಲೆಯಲ್ಲಿ ಪ್ರತಿಪತ್ತು, ಅಷ್ಟಮಿ ಮೊದಲಾದ ದಿನಗಳು ಅನಧ್ಯಯನ. ಅವು ಪಂಚಾಂಗದಲ್ಲಿ ಮೊದಲೇ ತಿಳಿದಿರುತ್ತವೆ. ಅದಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಿಕೊಳ್ಳುತ್ತೇವೆ. ನಿಮ್ಮ ಶಾಲೆಗಳಲ್ಲಿ ಅನಧ್ಯಯನವು ಸುತ್ತೋಲೆಯಿಂದ ಬರುತ್ತದೆ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಿರಿ. ಸೆಪ್ಟೆಂಬರ್ 22ರಿಂದ ಉಪಾಧ್ಯಾಯರು ಮನೆಮನೆಯ ಬಾಗಿಲಿಗೆ ಹೋಗಿ 60 ಪ್ರಶ್ನೆಗಳನ್ನು ಕೇಳಿ ಮೊಬೈಲಿನಲ್ಲಿ ತುಂಬಬೇಕಾಯಿತು. ದಸರೆಯ ರಜೆಯೊಳಗೆ ಕೆಲಸ ಮುಗಿಯಲಿಲ್ಲ. ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆಯನ್ನು ಮುಂದುವರಿಸಿದರು. ಖಾಸಗಿ ಶಾಲೆಯ ಗಂಟೆ ಬಾರಿಸುತ್ತಿತ್ತು, ಬಡವರ ಮಕ್ಕಳ ಶಾಲೆಗೆ ಬೀಗ ಬಿದ್ದಿತ್ತು. ಯಾರು ವಿದ್ಯೆಯಲ್ಲಿ ಹಿಂದುಳಿದಿದ್ದಾರೆಂದು ಎಣಿಸುವುದಕ್ಕಾಗಿ ಅವರ ಮಕ್ಕಳ ಪಾಠವನ್ನೇ ನಿಲ್ಲಿಸಿದಂತಾಯಿತು. 2015ರ ಸಮೀಕ್ಷೆಯನ್ನಾದರೆ ಬೇಸಗೆಯ ರಜೆಯಲ್ಲಿ ನಡೆಸಿದ್ದರು. ಆಗ ಹೋದುದು ಉಪಾಧ್ಯಾಯರ ವಿಶ್ರಾಂತಿ, ಮಕ್ಕಳ ಪಾಠವಲ್ಲ.

ಸಮೀಕ್ಷೆಯೇ ಕೂಡದೆಂದು ನಾನು ಹೇಳುವುದಿಲ್ಲ. ಹಿಂದುಳಿದವರ ಸ್ಥಿತಿಯನ್ನು ಅರಿಯದೆ ಅವರಿಗೆ ನ್ಯಾಯ ದೊರಕಿಸುವುದು ಹೇಗೆ? ಆದರೆ 2009ರ ಶಾಸನದ 27ನೆಯ ಪ್ರಕರಣವು, ದಶವಾರ್ಷಿಕ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಈ ಮೂರರ ಹೊರತು ಉಪಾಧ್ಯಾಯರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ರಾಜ್ಯದ ಸಮೀಕ್ಷೆಯು ಈ ಮೂರರಲ್ಲಿ ಯಾವುದು? ಈ ಪ್ರಶ್ನೆಯನ್ನು ಮೊದಲು ಎತ್ತಬೇಕಾದವರು ನೀವು. ಸಂಘವು ಆಗ ಸರ್ಕಾರಕ್ಕೆ ಕೊಟ್ಟ ಮನವಿಯಾದರೋ, ಇನ್ನೂ ಹತ್ತು ದಿನಗಳ ಕಾಲಾವಕಾಶ ಬೇಕೆಂಬುದಾಗಿತ್ತು! ಬಿಸಿಲಿನಲ್ಲಿ ಅಲೆದು ದಣಿದವರು ಕೇಳಿದ ಮಾತದು, ಅವರ ಕಷ್ಟ ನನಗೆ ತಿಳಿಯದ್ದಲ್ಲ. ಆದಾಗ್ಯೂ ಸಂಘವೆಂಬುದು ದಣಿವಿಗಿಂತ ಸ್ವಲ್ಪ ಎತ್ತರದಲ್ಲಿ ನಿಂತು ನೋಡಬೇಕು.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ನೆರೆದು, 2017ರ ವೃಂದ ಮತ್ತು ನೇಮಕಾತಿಯ ನಿಯಮಗಳಿಂದ ಪದವೀಧರರಾದ ಹಳಬರಿಗೆ ಅನ್ಯಾಯವಾಗಿದೆಯೆಂದು ಮೊರೆಯಿಟ್ಟರು. ಏಳನೆಯ ತರಗತಿಯವರೆಗೆ ಬೋಧಿಸಲು ನೇಮಕಗೊಂಡವರನ್ನು ಐದಕ್ಕೆ ಇಳಿಸಿದುದು ಸರಿಯಲ್ಲವೆಂದೇ ನನಗೂ ತೋರುತ್ತದೆ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರ ನಿವೃತ್ತಿವೇತನದ ಕೂಗೂ ನ್ಯಾಯವಾದುದೇ. ಮುಪ್ಪಿನ ಭಯವುಳ್ಳವನು ನಿಶ್ಚಿಂತೆಯಿಂದ ಪಾಠ ಹೇಳಲಾರ. ಆದರೆ ಊರಿನ ರೈತನು ಮೇಷ್ಟರ ಬಡ್ತಿಗಾಗಿ ನಿಮ್ಮೊಡನೆ ಬೀದಿಗೆ ಬರುವುದಿಲ್ಲ. ತನ್ನ ಮಗಳ ಪಾಠಕ್ಕಾಗಿಯಾದರೆ ಬರುತ್ತಾನೆ.

ಗುಬ್ಬಿಯ, ಕುಣಿಗಲಿನ ಒಳಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳನ್ನು ನೆನೆಯಿರಿ. 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು ಅದೇ ಶಾಸನದ ಅನುಸೂಚಿ ಹೇಳುತ್ತದೆ. ಹೀಗಿರುವಲ್ಲಿ ಒಬ್ಬರೇ ಇರುವುದೇ ಒಂದು ಲೋಪ. ಆ ಒಬ್ಬರು ತರಬೇತಿಗೆ, ಸಭೆಗೆ, ಮತಪಟ್ಟಿಗೆ ಹೋದರೆ ಶಾಲೆಯು ತೆರೆದಿದ್ದರೂ ಇಲ್ಲದಂತೆಯೇ. ಅಡುಗೆಯ ತಾಯಿ ಅನ್ನ ಬಡಿಸುತ್ತಾಳೆ, ಮಕ್ಕಳು ಉಂಡು ಮನೆಗೆ ಹೋಗುತ್ತಾರೆ. ಹೀಗೆ ಎರಡು ವರ್ಷ ಕಳೆದರೆ ತಂದೆಯು ಸಾಲ ಮಾಡಿಯಾದರೂ ಮಗುವನ್ನು ಪೇಟೆಯ ಶಾಲೆಯ ವ್ಯಾನಿಗೆ ಹತ್ತಿಸುತ್ತಾನೆ. ಆಮೇಲೆ ಮಕ್ಕಳಿಲ್ಲವೆಂದು ಶಾಲೆಯನ್ನು ಮುಚ್ಚುವ ಮಾತು ಬರುತ್ತದೆ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಏಕೋಪಾಧ್ಯಾಯ ಶಾಲೆಯವರನ್ನು ಅನ್ಯಕಾರ್ಯಕ್ಕೆ ಕರೆಯಕೂಡದು, ಶಾಸನಕ್ಕೆ ಒಳಪಟ್ಟು ಕರೆಯಲೇಬೇಕಾದರೆ ಆ ದಿನಗಳಿಗೆ ಅತಿಥಿ ಉಪಾಧ್ಯಾಯರೊಬ್ಬರನ್ನು ಮೊದಲು ಕಳುಹಿಸಬೇಕು ಎಂಬುದನ್ನು ಸಂಘದ ಮನವಿಯಲ್ಲಿ ಒಂದನೆಯ ಅಂಶವಾಗಿ ಬರೆಯಿರಿ. ಬಡ್ತಿ, ವೇತನಗಳು ಎರಡನೆಯವು, ಮೂರನೆಯವು ಆಗಲಿ. ಬರಿಯ ಮಾತಿಗೆ ಅಧಿಕಾರಿಗಳು ಕಿವಿಗೊಡುವುದಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಯಾವ ಹಳ್ಳಿಯ ಶಾಲೆಗೆ ವರ್ಷದಲ್ಲಿ ಎಷ್ಟು ಪಾಠದ ದಿನಗಳು, ಯಾವ ಕೆಲಸದಿಂದ ತಪ್ಪಿದುವೆಂದು ಹಾಜರಿ ಪುಸ್ತಕವನ್ನು ನೋಡಿ ಪಟ್ಟಿ ಮಾಡಿರಿ. ಬರವಣಿಗೆಗೆ ಕೈ ಸಾಲದಿದ್ದರೆ ತಿಳಿಸಿರಿ, ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳನ್ನು ಕಳುಹಿಸಿಕೊಡುತ್ತೇನೆ. ಅದೂ ಅನಧ್ಯಯನದ ದಿನ. ಪಾಠದ ದಿನ ಕಳುಹಿಸಲಾರೆ.